ತಾಂತ್ರಿಕ ಶಿಕ್ಷಣದಲ್ಲಿ ಕ್ರೆಡಿಟ್ ವರ್ಗಾವಣೆ: ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದ ಲೆಕ್ಕ

ನಮ್ಮ ಸಣ್ಣ ಕೈಗಾರಿಕೆಗಳಲ್ಲಿ ಐಟಿಐ ಮುಗಿಸಿ ಫಿಟ್ಟರ್, ಟರ್ನರ್ ಅಥವಾ ಎಲೆಕ್ಟ್ರಿಷಿಯನ್ ಆಗಿ ಸೇರಿದ ಯುವಕನು ಐದಾರು ವರ್ಷಗಳಲ್ಲಿ ಯಂತ್ರದ ಒಳಹೊರಗನ್ನು ಚೆನ್ನಾಗಿ ಅರಿತುಕೊಳ್ಳುತ್ತಾನೆ. ಆದರೆ ಮೇಲ್ವಿಚಾರಕನ ಹುದ್ದೆಗೆ ಬೇಕಾದ ವಿದ್ಯಾರ್ಹತೆ ಇಲ್ಲವೆಂಬ ಕಾರಣದಿಂದ ಅಲ್ಲಿಯೇ ನಿಲ್ಲುತ್ತಾನೆ, ಇಲ್ಲವೇ ಮುಂದೆ ಓದಬೇಕೆಂಬ ಹಂಬಲದಿಂದ ಕೆಲಸವನ್ನೇ ಬಿಡುತ್ತಾನೆ. ಎರಡೂ ಸಂದರ್ಭಗಳಲ್ಲಿ ನಷ್ಟ ಅವನಿಗಷ್ಟೇ ಅಲ್ಲ, ಅವನನ್ನು ಪಳಗಿಸಿದ ಮಾಲೀಕನಿಗೂ ಉಂಟು. ಹಿಂದೆ ಕಲಿತದ್ದನ್ನು ಮುಂದಿನ ಓದಿಗೆ ಜಮಾ ಮಾಡಿಕೊಳ್ಳುವ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಬಹಳಷ್ಟು ವಿಸ್ತಾರಗೊಂಡಿವೆ. ಅವುಗಳ ಪ್ರಯೋಜನ ನಮ್ಮ ನೌಕರರಿಗೆ ದೊರೆಯುವುದು ಬಹುಮಟ್ಟಿಗೆ ನಾವು ಇಡುವ ದಾಖಲೆಗಳನ್ನು ಅವಲಂಬಿಸಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕ್ರೆಡಿಟ್ ಎಂದರೇನು?

ಕ್ರೆಡಿಟ್ ಎಂದೊಡನೆ ವ್ಯಾಪಾರಿಗೆ ಉದ್ರಿ ನೆನಪಾಗುವುದು ಸಹಜ. ಶಿಕ್ಷಣದಲ್ಲಿ ಈ ಶಬ್ದಕ್ಕೆ ಜಮಾ ಎಂಬ ಅರ್ಥವೇ ಸರಿ. ವಿದ್ಯಾರ್ಥಿಯು ಒಂದು ವಿಷಯದಲ್ಲಿ ನಿಗದಿತ ಗಂಟೆಗಳ ಕಲಿಕೆಯನ್ನು ಪೂರೈಸಿ ತೇರ್ಗಡೆಯಾದಾಗ ಅವನ ಖಾತೆಗೆ ಸೇರುವ ಮೊತ್ತವೇ ಕ್ರೆಡಿಟ್. ಅನುತ್ತೀರ್ಣನಾದರೆ ತರಗತಿಯಲ್ಲಿ ಎಷ್ಟು ದಿನ ಕುಳಿತಿದ್ದರೂ ಜಮಾ ಶೂನ್ಯ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ 2018ರ ಮಾದರಿ ಪಠ್ಯಕ್ರಮದ ಪ್ರಕಾರ, ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆಯ ಉಪನ್ಯಾಸಕ್ಕೆ 1 ಕ್ರೆಡಿಟ್, ಒಂದು ಗಂಟೆಯ ಪ್ರಾಯೋಗಿಕ ತರಗತಿಗೆ ಅರ್ಧ ಕ್ರೆಡಿಟ್. ನಾಲ್ಕು ವರ್ಷಗಳ ಇಂಜಿನಿಯರಿಂಗ್ ಪದವಿಗೆ ಸುಮಾರು 160 ಕ್ರೆಡಿಟ್. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ಕಾಲೇಜು, ವೃತ್ತಿ ತರಬೇತಿ ಮೂರನ್ನೂ ಒಂದೇ ಅಳತೆಗೆ ತಂದಿತು. ಅದರಂತೆ 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, ಅಂದರೆ 40 ಕ್ರೆಡಿಟ್.

ಮೂರು ಬೇರೆ ಬೇರೆ ದಾರಿಗಳು

ಹಿಂದಿನ ಕಲಿಕೆಗೆ ಮನ್ನಣೆ ದೊರೆಯುವ ದಾರಿಗಳು ಮೂರು. ಇವುಗಳನ್ನು ಒಂದೇ ಎಂದು ಭಾವಿಸುವುದರಿಂದ ಅನೇಕರು ಗೊಂದಲಕ್ಕೆ ಒಳಗಾಗುತ್ತಾರೆ.

1. ಲ್ಯಾಟರಲ್ ಎಂಟ್ರಿ: ಇದು ಹಳೆಯ ಹಾಗೂ ಅತ್ಯಂತ ನಿಶ್ಚಿತವಾದ ದಾರಿ. ಎಸ್‌ಎಸ್‌ಎಲ್‌ಸಿಯ ನಂತರ ಎರಡು ವರ್ಷಗಳ ಐಟಿಐ ಮುಗಿಸಿದವನು ಸೂಕ್ತ ವಿಭಾಗದಲ್ಲಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ವೆಲ್ಡರ್‌ನಂತಹ ಒಂದು ವರ್ಷದ ವೃತ್ತಿಗಳಿಗೆ ಈ ಸೌಲಭ್ಯ ಅನ್ವಯಿಸದು. ಡಿಪ್ಲೊಮಾ ಮುಗಿಸಿದವನು ಸಾಮಾನ್ಯ ವರ್ಗದಲ್ಲಿ ಶೇ. 45, ಮೀಸಲು ವರ್ಗದಲ್ಲಿ ಶೇ. 40 ಅಂಕ ಪಡೆದಿದ್ದರೆ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಅರ್ಹ. ನಮ್ಮ ರಾಜ್ಯದಲ್ಲಿ ಇದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಡಿಸಿಇಟಿ ಪರೀಕ್ಷೆ ನಡೆಸುತ್ತದೆ. ಆದರೆ ರಿಯಾಯಿತಿ ವರ್ಷಕ್ಕೆ ಮಾತ್ರ, ಜ್ಞಾನಕ್ಕಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಹೀಗೆ ಸೇರಿದವರಿಗೆ ಹೆಚ್ಚುವರಿ ಗಣಿತದ ವಿಷಯಗಳಿದ್ದವು. ಅವಕ್ಕೆ ಕ್ರೆಡಿಟ್ ಇಲ್ಲ, ಆದರೆ ತೇರ್ಗಡೆ ಕಡ್ಡಾಯ. ಕೆಲಸದಲ್ಲಿ ನಿಪುಣನಾದವನು ಎಡವುವುದು ಸಾಮಾನ್ಯವಾಗಿ ಗಣಿತದಲ್ಲಿಯೇ.

2. ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್: ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ಜುಲೈ ತಿಂಗಳ ನಿಯಮಾವಳಿಯಿಂದ ಇದು ಜಾರಿಗೆ ಬಂದಿತು. ನೋಂದಾಯಿತ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್‌ಗಳು ವಿದ್ಯಾರ್ಥಿಯ ಹೆಸರಿನ ಖಾತೆಯಲ್ಲಿ ಜಮೆಯಾಗುತ್ತವೆ. ಅರ್ಧಕ್ಕೆ ಓದು ಬಿಟ್ಟವನು ಮರಳಿ ಬಂದಾಗ ಅಥವಾ ಬೇರೆ ಸಂಸ್ಥೆಗೆ ಹೋದಾಗ ಅವುಗಳನ್ನು ಬಳಸಬಹುದು. ಇಲ್ಲಿ ಮೂರು ಷರತ್ತುಗಳನ್ನು ನೆನಪಿಡಬೇಕು. ಕ್ರೆಡಿಟ್‌ಗೆ ಗರಿಷ್ಠ ಏಳು ವರ್ಷಗಳ ಆಯುಷ್ಯ. ಪದವಿ ನೀಡುವ ಸಂಸ್ಥೆಯಲ್ಲಿ ಕನಿಷ್ಠ ಶೇ. 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಒಮ್ಮೆ ಒಂದು ಪ್ರಮಾಣಪತ್ರಕ್ಕಾಗಿ ವಿನಿಯೋಗಿಸಿದ ಕ್ರೆಡಿಟ್ಟನ್ನು ಮತ್ತೊಂದಕ್ಕೆ ಬಳಸುವಂತಿಲ್ಲ. ಇದರ ಮೇಲೆ, ಹಳೆಯ ವಿಷಯವು ತನ್ನ ಪಠ್ಯಕ್ರಮಕ್ಕೆ ಸಮನೇ ಎಂದು ನಿರ್ಣಯಿಸುವ ಅಧಿಕಾರ ಸೇರಿಸಿಕೊಳ್ಳುವ ಸಂಸ್ಥೆಯದು. ಖಾತೆಯಲ್ಲಿ ಜಮೆ ಇದೆ ಎಂದ ಮಾತ್ರಕ್ಕೆ ಎಲ್ಲವೂ ಚಲಾವಣೆಯಾಗುತ್ತದೆ ಎಂದು ಭಾವಿಸಬಾರದು.

3. ಅನುಭವಕ್ಕೆ ಮನ್ನಣೆ: ಅಪ್ರೆಂಟಿಸ್ ತರಬೇತಿ ಹಾಗೂ ಉದ್ಯೋಗದ ಅನುಭವವನ್ನೂ ಮೌಲ್ಯಮಾಪನದ ನಂತರ ಕ್ರೆಡಿಟ್ ಆಗಿ ಪರಿಗಣಿಸಲು ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಅವಕಾಶ ಕಲ್ಪಿಸಿದೆ. ಇದಲ್ಲದೆ, ಉದ್ಯೋಗದಲ್ಲಿ ಇರುವವರಿಗಾಗಿಯೇ ಅನುಕೂಲದ ವೇಳೆಯಲ್ಲಿ ಡಿಪ್ಲೊಮಾ ಮತ್ತು ಪದವಿ ತರಗತಿ ನಡೆಸಲು ತಾಂತ್ರಿಕ ಶಿಕ್ಷಣ ಪರಿಷತ್ತು 2023-24ನೇ ಸಾಲಿನಿಂದ ಅನುಮತಿ ನೀಡುತ್ತಿದೆ. ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಸೇವೆ ಮತ್ತು ಕಾಲೇಜಿನಿಂದ ನಿಗದಿತ ದೂರದೊಳಗೆ ಉದ್ಯೋಗಸ್ಥಳ ಇರುವುದು ಇದಕ್ಕೆ ಅರ್ಹತೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ನೌಕರರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಒಂದು ವರ್ಷದ ಬೆಲೆ ಎಷ್ಟು?

ಉದಾಹರಣೆಗಾಗಿ, ತಿಂಗಳಿಗೆ 18,000 ರೂಪಾಯಿ ಸಂಬಳದ ಟರ್ನರ್ ಒಬ್ಬನನ್ನು ತೆಗೆದುಕೊಳ್ಳೋಣ. ಕೆಲಸ ಬಿಟ್ಟು ಮೂರು ವರ್ಷಗಳ ಡಿಪ್ಲೊಮಾ ಓದಿದರೆ ಅವನು ಕಳೆದುಕೊಳ್ಳುವ ಸಂಬಳ 6,48,000 ರೂಪಾಯಿ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದರೆ 4,32,000. ಉಳಿತಾಯ 2,16,000 ರೂಪಾಯಿ. ಒಂದು ವರ್ಷದ ಶುಲ್ಕ, ಊಟ, ವಸತಿಯ ವೆಚ್ಚ ಬೇರೆ. ಉದ್ಯೋಗಿಗಳ ತರಗತಿಗೆ ಸೇರಿದರೆ ಸಂಬಳ ಉಳಿಯುತ್ತದೆ, ನಮ್ಮ ಯಂತ್ರವೂ ನಿಲ್ಲುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ಎಸ್‌ಎಸ್‌ಎಲ್‌ಸಿಯ ನಂತರ ಪಿಯುಸಿ ಮೂಲಕ ಇಂಜಿನಿಯರ್ ಆಗಲು ಆರು ವರ್ಷ ಬೇಕು. ಐಟಿಐ ಎರಡು, ಡಿಪ್ಲೊಮಾ ಎರಡು, ಪದವಿ ಮೂರು, ಹೀಗೆ ಬಂದವನಿಗೆ ಏಳು ವರ್ಷ. ಬಡತನದಿಂದ ಐಟಿಐ ಸೇರಿದವನಿಗೂ ಪದವಿಗೂ ಇರುವ ಅಂತರ ಒಂದೇ ವರ್ಷವೆಂಬುದು ನಮ್ಮ ಅನೇಕ ನೌಕರರಿಗೆ ತಿಳಿದೇ ಇಲ್ಲ.

ವೋಚರ್ ಇಲ್ಲದ ಜಮೆ ಇಲ್ಲ

ಲೆಕ್ಕಪತ್ರದಲ್ಲಿ ವೋಚರ್ ಇಲ್ಲದೆ ನಮೂದು ಮಾಡುವಂತಿಲ್ಲ. ಅನುಭವದ ಕ್ರೆಡಿಟ್‌ಗೂ ಇದೇ ನಿಯಮ. ಆ ವೋಚರ್ ಇರುವುದು ಮಾಲೀಕನ ಕೈಯಲ್ಲಿ. ಸಣ್ಣ ಘಟಕಗಳ ಲೆಕ್ಕಪರಿಶೋಧನೆಯಲ್ಲಿ ಆಗಾಗ ಕಾಣುವ ಸಂಗತಿಯೆಂದರೆ, ಐದು ವರ್ಷ ದುಡಿದವನ ಹೆಸರು ವೇತನ ಪುಸ್ತಕದಲ್ಲಿ ಒಂದೇ ವರ್ಷ ಇರುತ್ತದೆ. ಉಳಿದ ಕಾಲದ ಕೂಲಿ ನಗದಾಗಿ ಪಾವತಿಯಾಗಿ ದಿನಗೂಲಿ ಖರ್ಚಿನಲ್ಲಿ ಸೇರಿಹೋಗಿರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅವನ ನಾಲ್ಕು ವರ್ಷಗಳ ಅನುಭವ ಇಲ್ಲವೇ ಇಲ್ಲ. ಹೊಣೆಯಿಂದ ನುಣುಚಿಕೊಳ್ಳಲು ನಾವು ಬಿಟ್ಟ ನಮೂದು ಅವನ ಭವಿಷ್ಯದಿಂದ ಕಳೆದುಹೋದಂತೆಯೇ ಸರಿ.

ನೇಮಕಾತಿ ಪತ್ರ, ಬ್ಯಾಂಕ್ ಮೂಲಕ ಸಂಬಳ, ಹಾಜರಿ ಪುಸ್ತಕ, ಅನ್ವಯವಾಗುವಲ್ಲಿ ಇಎಸ್‌ಐ ಮತ್ತು ಭವಿಷ್ಯನಿಧಿ, ಘಟಕದ ಉದ್ಯಮ್ ನೋಂದಣಿ, ಇವಿಷ್ಟು ಇದ್ದರೆ ಅನುಭವ ಪತ್ರಕ್ಕೆ ಆಧಾರವಿರುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಘಟಕಗಳಿಗೆ ಸಾಮಾನ್ಯವಾಗಿ ಇಎಸ್‌ಐ, ಭವಿಷ್ಯನಿಧಿ ಅನ್ವಯಿಸದಿರುವುದರಿಂದ ನೇಮಕಾತಿ ಪತ್ರ ಮತ್ತು ಬ್ಯಾಂಕ್ ಪಾವತಿಗಳೇ ಮುಖ್ಯ ಸಾಕ್ಷ್ಯ. ಹಿಂದಿನ ದಿನಾಂಕ ಹಾಕಿ ಅನುಭವ ಪತ್ರ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ ದಾಕ್ಷಿಣ್ಯಕ್ಕೆ ಒಳಗಾಗಬಾರದು. ಪುಸ್ತಕಕ್ಕೆ ತಾಳೆಯಾಗದ ಪತ್ರ ಕೊಟ್ಟವನಿಗೂ ಪಡೆದವನಿಗೂ ಅಪಾಯಕಾರಿ.

ಜಾಹೀರಾತುಗಳ ಬಗ್ಗೆ ಎಚ್ಚರ

"ಅರ್ಧಕ್ಕೆ ನಿಂತ ಇಂಜಿನಿಯರಿಂಗ್ ಒಂದೇ ವರ್ಷದಲ್ಲಿ ಪೂರ್ಣ" ಎಂಬಂತಹ ಜಾಹೀರಾತುಗಳು ಕ್ರೆಡಿಟ್ ವರ್ಗಾವಣೆಯ ಹೆಸರನ್ನೇ ಬಳಸುತ್ತವೆ. ಶೇ. 50ರ ಷರತ್ತನ್ನು ಅನ್ವಯಿಸಿ ನೋಡಿದರೆ ಸತ್ಯ ತಿಳಿಯುತ್ತದೆ. 160 ಕ್ರೆಡಿಟ್‌ಗಳ ಪದವಿಗೆ ಕನಿಷ್ಠ 80 ಕ್ರೆಡಿಟ್‌ಗಳನ್ನು ಹೊಸ ಸಂಸ್ಥೆಯಲ್ಲಿಯೇ ಗಳಿಸಬೇಕು. ವರ್ಷಕ್ಕೆ 40ರ ಲೆಕ್ಕದಲ್ಲಿ ಅದು ಎರಡು ವರ್ಷಗಳ ಓದು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ಅಂಚೆ ಶಿಕ್ಷಣದ ಮೂಲಕ ನೀಡಿದ್ದ ಇಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲಿ ಕಠಿಣ ತೀರ್ಪು ನೀಡಿತು. 2001ರಿಂದ 2005ರವರೆಗೆ ಸೇರಿದ್ದವರು ಮತ್ತೆ ಪರೀಕ್ಷೆ ಬರೆಯಬೇಕಾಯಿತು, ನಂತರ ಸೇರಿದವರ ಪದವಿಗಳು ರದ್ದಾದವು. ಹಣ ಕಟ್ಟುವ ಮೊದಲು ಸಂಸ್ಥೆಗೂ ಆ ಕೋರ್ಸಿಗೂ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೌಕರನ ಪರವಾಗಿ ನಾವೇ ಪರಿಶೀಲಿಸುವುದು ಒಳಿತು.

ಶುಲ್ಕ ಮತ್ತು ಕರಾರು

ನೌಕರನ ಶುಲ್ಕವನ್ನು ಘಟಕವೇ ಭರಿಸಿದರೆ, ಆ ಓದು ವ್ಯವಹಾರಕ್ಕೆ ಸಂಬಂಧಿಸಿದ್ದೆಂದು ತೋರಿಸುವ ದಾಖಲೆಗಳೊಡನೆ ಅದನ್ನು ವ್ಯವಹಾರದ ವೆಚ್ಚವೆಂದು ಪ್ರತಿಪಾದಿಸಬಹುದು. ಮಾಲೀಕನ ಮಗನ ಕಾಲೇಜು ಶುಲ್ಕವನ್ನು ಇದೇ ಶೀರ್ಷಿಕೆಯಲ್ಲಿ ಸೇರಿಸುವುದು ಬೇರೆ ಮಾತು. ಅದು ಸ್ವಂತ ಖರ್ಚು.

ಓದಿನ ನಂತರ ನೌಕರನು ಬಿಟ್ಟುಹೋದರೆ ಏನು ಗತಿ ಎಂಬ ಚಿಂತೆ ಸಹಜ. ನಿಗದಿತ ಅವಧಿಯ ಸೇವೆ, ತಪ್ಪಿದಲ್ಲಿ ನಿಜವಾಗಿ ಖರ್ಚಾದ ಹಣದ ಮರುಪಾವತಿ ಎಂಬ ಲಿಖಿತ ಕರಾರು ಮಾಡಿಕೊಳ್ಳಬಹುದು. ಮೊತ್ತ ನ್ಯಾಯಸಮ್ಮತವಾಗಿರಬೇಕು; 1872ರ ಕರಾರು ಅಧಿನಿಯಮದ 74ನೇ ಕಲಮು ಸಮಂಜಸ ಪರಿಹಾರಕ್ಕಷ್ಟೇ ಅವಕಾಶ ನೀಡುತ್ತದೆ. ಮೂಲ ಅಂಕಪಟ್ಟಿಗಳನ್ನು ಭದ್ರತೆಗೆಂದು ಇಟ್ಟುಕೊಳ್ಳುವ ರೂಢಿಯನ್ನು ಕೈಬಿಡಬೇಕು.

ಉದ್ದಿಮೆದಾರರು ಈ ತಿಂಗಳಲ್ಲಿಯೇ ಮಾಡಬಹುದಾದ ಕೆಲಸಗಳು

1. ಪ್ರತಿ ನೌಕರನ ವಿದ್ಯಾರ್ಹತೆ, ವೃತ್ತಿ, ತೇರ್ಗಡೆಯಾದ ವರ್ಷಗಳ ಪಟ್ಟಿ ತಯಾರಿಸುವುದು.
2. ನೇಮಕಾತಿ ಪತ್ರ ಇಲ್ಲದವರಿಗೆ, ವೇತನ ಪುಸ್ತಕಕ್ಕೆ ಅನುಗುಣವಾಗಿ, ಅದನ್ನು ನೀಡುವುದು.
3. ಓದು ಅರ್ಧಕ್ಕೆ ಬಿಟ್ಟವರ ಏಳು ವರ್ಷಗಳ ಗಡುವು ಎಂದು ಮುಗಿಯುತ್ತದೆಂದು ಗುರುತಿಸುವುದು.
4. ಸಮೀಪದ ಪಾಲಿಟೆಕ್ನಿಕ್‌ನಲ್ಲಿ ಉದ್ಯೋಗಿಗಳ ತರಗತಿ ಇದೆಯೇ ಎಂದು ವಿಚಾರಿಸುವುದು. ಇಲ್ಲವಾದರೆ ಕೆಲವು ಘಟಕಗಳು ಒಟ್ಟಾಗಿ, ಸೇರಬಯಸುವವರ ಪಟ್ಟಿಯೊಡನೆ, ಪ್ರಾಚಾರ್ಯರನ್ನು ಭೇಟಿಯಾಗುವುದು.
5. ಡಿಪ್ಲೊಮಾ ಸೇರುವವನಿಗೆ ಮೊದಲೇ ಗಣಿತದ ಪಾಠಕ್ಕೆ ಏರ್ಪಾಡು ಮಾಡುವುದು.

ಯಂತ್ರಕ್ಕೆ ನಾವು ವರ್ಷ ವರ್ಷವೂ ಸವಕಳಿ ಲೆಕ್ಕ ಹಾಕುತ್ತೇವೆ. ಕೆಲಸಗಾರನ ಅನುಭವ ಮಾತ್ರ ವರ್ಷ ಕಳೆದಂತೆ ಬೆಳೆಯುವ ಆಸ್ತಿ. ಅದು ನಮ್ಮ ಆಸ್ತಿ ಪಟ್ಟಿಯಲ್ಲಿ ಕಾಣದಿದ್ದರೂ, ಅವನ ಖಾತೆಯಲ್ಲಿ ಜಮೆಯಾಗುವಂತೆ ನೋಡಿಕೊಳ್ಳುವುದು ಸರಿಯಾದ ಪುಸ್ತಕ ಇಡುವ ಪ್ರತಿಯೊಬ್ಬ ಉದ್ದಿಮೆದಾರನಿಂದ ಸಾಧ್ಯ.