ಸಮವೇಗವೋ, ಸಮಶ್ರಮವೋ? – ತ್ರಿವಿಧ ಸ್ಪರ್ಧೆಗೆ ಜೊತೆಯಾಗಿ ಅಣಿಯಾಗುವ ದಂಪತಿಗಳು

ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿದ ಕಪಿಲಾ ನದಿಯು ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಸ್ನಾನಘಟ್ಟವನ್ನು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಈ ಎರಡು ಊರುಗಳ ನಡುವಣ ನೆಲವನ್ನು ಯಾತ್ರಿಕನು ಒಂದು ಬಗೆಯಲ್ಲಿ ನೋಡುತ್ತಾನೆ. ಬತ್ತ ಕಬ್ಬುಗಳ ಬೇಸಾಯಗಾರನು ಇನ್ನೊಂದು ಬಗೆಯಲ್ಲಿ. ಭೌತಶಾಸ್ತ್ರದ ವಿದ್ಯಾರ್ಥಿಯು ನೋಡುವುದಾದರೆ ಇಲ್ಲಿ ಅವನಿಗೆ ಹರಿಯುವ ನೀರಿದೆ, ಹೆಚ್ಚು ಏರಿಳಿತಗಳಿಲ್ಲದ ರಸ್ತೆಯಿದೆ, ಓಡುವುದಕ್ಕೆ ನಾಲೆಯ ಏರಿಯಿದೆ. ಈಜು, ಸೈಕಲ್ ಸವಾರಿ, ಓಟ – ಈ ಮೂರನ್ನೂ ನಡುವೆ ವಿರಾಮವಿಲ್ಲದೆ ಒಬ್ಬನೇ ಪೂರೈಸಬೇಕಾದ ಸ್ಪರ್ಧೆಗೆ ಟ್ರಯಾಥ್ಲಾನ್ ಎಂದು ಹೆಸರು. ಇದಕ್ಕೆ ಗಂಡಹೆಂಡಿರು ಜೊತೆಯಾಗಿ ಅಣಿಯಾಗುವ ಪದ್ಧತಿ ಈಚೆಗೆ ನಮ್ಮ ನಾಡಿನಲ್ಲಿಯೂ ಕಾಣಬರುತ್ತಿದೆ. ಜೊತೆಯಾಗಿ ಎಂದರೇನು? ಪಕ್ಕಪಕ್ಕದಲ್ಲಿ ಒಂದೇ ವೇಗದಲ್ಲಿ ಸಾಗುವುದೆ, ಅಥವಾ ಒಂದೇ ಪ್ರಮಾಣದಲ್ಲಿ ಶ್ರಮಿಸುವುದೆ? ಮೇಲುನೋಟಕ್ಕೆ ಇವೆರಡೂ ಒಂದೇ ಎಂದು ತೋರಿದರೂ ಹಾಗಲ್ಲವೆಂಬುದನ್ನು ಈ ಲೇಖನದಲ್ಲಿ ಲೆಕ್ಕ ಹಾಕಿ ನೋಡೋಣ.

ಈ ಕ್ರೀಡೆಯ ಇತಿಹಾಸದಲ್ಲಿಯೇ ಒಂದು ದಂಪತಿಯ ಹೆಸರಿದೆ. ೧೯೭೪ನೆಯ ಸೆಪ್ಟೆಂಬರ್ ೨೫ರಂದು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ ಟ್ರಯಾಥ್ಲಾನ್ ಎಂಬ ಹೆಸರಿನ ಸ್ಪರ್ಧೆ ನಡೆಯಿತು. ಅದರಲ್ಲಿ ಪಾಲುಗೊಂಡವರ ಪೈಕಿ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕಾಲಿನ್ಸ್ ಇದ್ದರು. ಮುಂದೆ ಹವಾಯಿಗೆ ಹೋದ ಈ ದಂಪತಿ, ಅಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಕಡಲೀಜು, ದ್ವೀಪವನ್ನು ಬಳಸುವ ಸೈಕಲ್ ಪಂದ್ಯ, ಮ್ಯಾರಥಾನ್ ಓಟ – ಈ ಮೂರನ್ನೂ ಪೋಣಿಸಿ ೧೯೭೮ರ ಫೆಬ್ರವರಿ ೧೮ರಂದು ಒಂದೇ ದಿನದ ಪಂದ್ಯವನ್ನಾಗಿ ನಡೆಸಿದರು. ಸುಮಾರು ೩.೮ ಕಿಲೋಮೀಟರ್ ಈಜು, ೧೮೦ ಕಿಲೋಮೀಟರ್ ಸೈಕಲ್, ೪೨.೨ ಕಿಲೋಮೀಟರ್ ಓಟ! ಹೊರಟವರು ೧೫ ಮಂದಿ, ಮುಗಿಸಿದವರು ೧೨ ಮಂದಿ. ಇದೇ ಇಂದು ಐರನ್‌ಮ್ಯಾನ್ ಎಂದು ಪ್ರಸಿದ್ಧವಾಗಿರುವ ಪಂದ್ಯ. ಮೊದಲ ವರ್ಷ ಸ್ಪರ್ಧಿಸಿದವರೆಲ್ಲರೂ ಗಂಡಸರು. ಮರುವರ್ಷ ಲಿನ್ ಲೆಮೇರ್ ಎಂಬಾಕೆ ಒಬ್ಬಳೇ ಹೆಂಗಸಾಗಿ ಹೊರಟು, ಒಟ್ಟಿನಲ್ಲಿ ಐದನೆಯವಳಾಗಿ ಗುರಿ ಮುಟ್ಟಿದಳು. ೧೯೨೮ರ ಒಲಿಂಪಿಕ್ಸ್ ಆದಮೇಲೆ ಹೆಂಗಸರ ದೇಹಕ್ಕೆ ೮೦೦ ಮೀಟರ್ ಓಟವೂ ತಾಳದೆಂದು ಅದನ್ನು ೧೯೬೦ರವರೆಗೆ ಕೈಬಿಟ್ಟಿದ್ದರೆಂಬುದನ್ನು ನೆನೆದರೆ, ಈ ಐದನೆಯ ಸ್ಥಾನದ ಬೆಲೆ ತಿಳಿಯುತ್ತದೆ. ನಮ್ಮವರೇ ಆದ ಬೆಂಗಳೂರಿನ ಅನು ವೈದ್ಯನಾಥನ್ ೨೦೦೯ರಲ್ಲಿ ಕೆನಡಾ ದೇಶದ ಅಲ್ಟ್ರಾಮ್ಯಾನ್ ಎಂಬ, ಮೂರು ದಿನ ನಡೆಯುವ ಇನ್ನೂ ದೀರ್ಘವಾದ ಪಂದ್ಯವನ್ನು ಪೂರೈಸಿದರು.

ಇನ್ನು ನಮ್ಮ ಲೆಕ್ಕಕ್ಕೆ ಬರೋಣ. ನಂಜನಗೂಡಿನಲ್ಲಿ ಒಂದು ದಂಪತಿಯಿದೆಯೆಂದು ಕಲ್ಪಿಸಿಕೊಳ್ಳಿ. ಪತಿಯ ತೂಕ ೬೫ ಕಿಲೋಗ್ರಾಂ, ಪತ್ನಿಯದು ೫೦. ಪತ್ನಿಯು ಬಾಲ್ಯದಿಂದ ಹೊಳೆಯಲ್ಲಿ ಈಜಿದವಳು. ನಿಂತ ನೀರಿನಲ್ಲಿ ಸೆಕೆಂಡಿಗೆ ೧ ಮೀಟರ್ ಸಾಗಬಲ್ಲಳು. ಪತಿಯು ದೊಡ್ಡವನಾದ ಮೇಲೆ ಕಲಿತವನು. ಅವನ ವೇಗ ಸೆಕೆಂಡಿಗೆ ೦.೭ ಮೀಟರ್. ಕೆರೆಯಲ್ಲಿ ಇಬ್ಬರೂ ೩೦೦ ಮೀಟರ್ ಈಜಿದರೆ ಆಕೆಗೆ ೫ ನಿಮಿಷ, ಆತನಿಗೆ ೭ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಎರಡು ನಿಮಿಷದ ಅಂತರ ಏನು ಮಹಾ!

ಇದೇ ಇಬ್ಬರು ಸೆಕೆಂಡಿಗೆ ೦.೬ ಮೀಟರ್ ವೇಗದಿಂದ ಹರಿಯುವ ಹೊಳೆಯಲ್ಲಿ ಪ್ರವಾಹಕ್ಕೆ ಎದುರಾಗಿ ಅಷ್ಟೇ ದೂರ ಈಜಲಿ. ದಡದಿಂದ ನೋಡುವವನಿಗೆ ಆಕೆಯ ವೇಗ ೦.೪, ಆತನ ವೇಗ ಬರಿಯ ೦.೧. ಆಕೆ ಹನ್ನೆರಡೂವರೆ ನಿಮಿಷದಲ್ಲಿ ಮುಟ್ಟಿದರೆ ಆತನಿಗೆ ೫೦ ನಿಮಿಷ ಬೇಕು. ಎರಡು ನಿಮಿಷವಿದ್ದ ಅಂತರ ಮೂವತ್ತೇಳೂವರೆ ನಿಮಿಷವಾಯಿತು! ಹಿಂದಿರುಗುವಾಗ ಹರಿವು ನೆರವಾಗುವುದಲ್ಲವೆ ಎಂದು ಕೆಲವರು ಕೇಳಬಹುದು. ನೆರವಾಗುತ್ತದೆ, ಆದರೆ ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿಯಾಗಿ ಮರಳಿ ದೊರೆಯುವುದಿಲ್ಲ. ಆತನು ಕೆಳಮುಖವಾಗಿ ೩೦೦ ಮೀಟರನ್ನು ೪ ನಿಮಿಷದೊಳಗೆ ಮುಗಿಸುತ್ತಾನೆ, ನಿಜ. ಆದರೂ ಹೋಗಿಬರಲು ಒಟ್ಟು ೫೪ ನಿಮಿಷ; ನಿಂತ ನೀರಿನಲ್ಲಾದರೆ ೧೪ ನಿಮಿಷದ ಕೆಲಸ. ಕೆರೆಯಲ್ಲಿ ಸರಿಜೋಡಿಯಾಗಿ ಕಂಡವರು ಹೊಳೆಯಲ್ಲಿ ಸರಿಜೋಡಿಯಲ್ಲ. ಹರಿವು ಬಲವಾದಷ್ಟೂ ದುರ್ಬಲ ಈಜುಗಾರನ ಕೊರತೆ ಹಲವು ಮಡಿಯಾಗಿ ಬೆಳೆಯುತ್ತದೆ.

ಕಪಿಲೆಯ ಹರಿವು ಒಂದೇ ಸಮನಾಗಿಯೂ ಇರುವುದಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿರುವ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನದಿ ಏರುತ್ತದೆ. ನಂಜನಗೂಡಿನ ಆಕಾಶ ನಿರ್ಮಲವಾಗಿರಬಹುದು. ಮಳೆ ಬಿದ್ದಿರುವುದು ವಯನಾಡಿನಲ್ಲಿ. ಮುಂಗಾರಿನ ಪ್ರವಾಹದಲ್ಲಿ ಸ್ನಾನಘಟ್ಟದ ಮೆಟ್ಟಿಲುಗಳು ಮುಳುಗುವುದನ್ನು ಆ ಊರಿನವರೆಲ್ಲ ಬಲ್ಲರು. ತಿರುಮಕೂಡಲಿನ ಸಂಗಮದಲ್ಲಿ ಮತ್ತೊಂದು ತೊಡಕಿದೆ. ಎರಡು ನದಿಗಳು ಬೇರೆ ಬೇರೆ ವೇಗದಿಂದ ಬಂದು ಕೂಡುವ ಎಡೆಯಲ್ಲಿ, ಒಂದರ ಪಕ್ಕದಲ್ಲಿ ಇನ್ನೊಂದು ಉಜ್ಜುತ್ತ ಸಾಗುವುದರಿಂದ, ನಡುವಣ ನೀರು ಸುರುಳಿ ಸುತ್ತಿಕೊಳ್ಳುತ್ತದೆ. ಇವೇ ನಾವು ಕಾಣುವ ಸುಳಿಗಳು. ಕೂಡಿದ ಪ್ರವಾಹವು ತಳದ ಮರಳನ್ನು ಕೊರೆದು ಅಲ್ಲಿ ಆಳವಾದ ಮಡುವನ್ನು ಮಾಡುವುದು ಸಂಗಮಗಳ ಸಾಮಾನ್ಯ ಲಕ್ಷಣ. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವನು ನಾಲ್ಕು ಹೆಜ್ಜೆ ಮುಂದಿಟ್ಟರೆ ನೆಲ ಸಿಕ್ಕದೆ ಹೋಗಬಹುದು. ಸಂಗಾತಿ ಮುಳುಗುವುದನ್ನು ಕಂಡು ಬಿಡಿಸಲು ಹೋದವರೂ ಮುಳುಗಿದರೆಂಬ ಸುದ್ದಿಯನ್ನು ಪ್ರತಿವರ್ಷವೂ ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಆದಕಾರಣ ಈಜಿನ ಅಭ್ಯಾಸವನ್ನು ಈಜುಕೊಳದಲ್ಲಿ ಮಾಡುವುದೇ ಯುಕ್ತ. ನದಿಯಲ್ಲಿ ಈಜಲೇಬೇಕಾದರೆ ತೆಪ್ಪವೋ ದೋಣಿಯೋ ಜೊತೆಗಿರಬೇಕು. ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರ ಕಾವಲುಗಾರರೆಂದು ಇಬ್ಬರೂ ನೀರಿಗಿಳಿಯುವುದು ಕಾವಲೇ ಅಲ್ಲ.

ಸೈಕಲ್ಲಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವ ಸವಾರನ ದುಡಿಮೆಯಲ್ಲಿ ಬಹುಭಾಗ ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಗಾಳಿಯ ಪ್ರತಿರೋಧವು ವೇಗದ ವರ್ಗದಂತೆ ಬೆಳೆಯುತ್ತದೆ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯವು ವೇಗದ ಘನದಂತೆ ಬೆಳೆಯುತ್ತದೆ. ನಮ್ಮ ದಂಪತಿಯಲ್ಲಿ ಪತಿಯು ೨೦೦ ವ್ಯಾಟ್, ಪತ್ನಿಯು ೧೫೦ ವ್ಯಾಟ್ ಸಾಮರ್ಥ್ಯದಿಂದ ಬಹಳ ಹೊತ್ತು ತುಳಿಯಬಲ್ಲರೆನ್ನೋಣ. ದೇಹಗಾತ್ರದ ವ್ಯತ್ಯಾಸವನ್ನು ಸದ್ಯಕ್ಕೆ ಬದಿಗಿಡೋಣ. ಸಾಮರ್ಥ್ಯಗಳ ಪ್ರಮಾಣ ೪:೩. ಇದರ ಘನಮೂಲ ಸುಮಾರು ೧.೧. ಎಂದರೆ ಮೂರರಲ್ಲೊಂದು ಪಾಲು ಹೆಚ್ಚು ದುಡಿದರೂ ಪತಿಗೆ ದೊರೆಯುವ ಹೆಚ್ಚಿನ ವೇಗ ಶೇಕಡ ಹತ್ತು ಮಾತ್ರ. ಆತನು ಗಂಟೆಗೆ ೩೦ ಕಿಲೋಮೀಟರ್ ಹೋದರೆ ಆಕೆ ೨೭ಕ್ಕಿಂತ ತುಸು ಹೆಚ್ಚು ಹೋಗುವಳು.

ಅಷ್ಟೇ ಅಲ್ಲ. ಮುಂದಿನ ಸವಾರನು ಸೀಳಿದ ಗಾಳಿಯ ಮರೆಯಲ್ಲಿ, ಅವನ ಹಿಂದಿನ ಚಕ್ರಕ್ಕೆ ಹತ್ತಿರವಾಗಿ ಸಾಗುವವನಿಗೆ ಶ್ರಮದಲ್ಲಿ ಕಾಲುಭಾಗದಷ್ಟು ಉಳಿತಾಯವಾಗುತ್ತದೆ. ೨೦೦ ವ್ಯಾಟಿನಲ್ಲಿ ಕಾಲುಭಾಗ ಕಳೆದರೆ ಉಳಿಯುವುದು ೧೫೦. ಹಾಗಾಗಿ ಆತನ ಬೆನ್ನಿಗೆ ಆಕೆ ನಿರಾಯಾಸವಾಗಿ ೩೦ ಕಿಲೋಮೀಟರ್ ವೇಗದಲ್ಲಿಯೇ ಸಾಗಬಲ್ಲಳು. ಇಲ್ಲಿ ಸಮವೇಗವೂ ಸಮಶ್ರಮವೂ ಅಪೂರ್ವವಾಗಿ ಕೂಡಿಬಂದುವು! ಆದರೆ ಇದೊಂದು ಮೋಸದ ಸುಖ. ಐರನ್‌ಮ್ಯಾನ್‌ನಂತಹ ದೀರ್ಘ ಪಂದ್ಯಗಳಲ್ಲಿ ಇನ್ನೊಬ್ಬರ ಗಾಳಿಮರೆಯಲ್ಲಿ ಸಾಗುವುದು ನಿಷಿದ್ಧ. ತಿಂಗಳುಗಟ್ಟಲೆ ಪತಿಯ ಬೆನ್ನ ಮರೆಯಲ್ಲಿ ಅಭ್ಯಾಸ ಮಾಡಿದವಳಿಗೆ ಪಂದ್ಯದ ದಿನ ಗಾಳಿ ಮೊದಲ ಬಾರಿಗೆ ಎದೆಗೆ ತಾಗುತ್ತದೆ. ಮೇಲಾಗಿ, ಮುಂದಿನ ಚಕ್ರವನ್ನೇ ನೋಡುತ್ತ ಸಾಗುವವರಿಗೆ ರಸ್ತೆ ಕಾಣುವುದಿಲ್ಲ. ನಮ್ಮ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ರಸ್ತೆಯೇ ಕಣವಾಗುವುದುಂಟು. ಹುರುಳಿಯನ್ನೋ ರಾಗಿಯನ್ನೋ ಹರಡಿ, ಹೋಗಿಬರುವ ವಾಹನಗಳಿಂದ ತುಳಿಸುತ್ತಾರೆ. ಬಸ್ಸಿನ ಚಕ್ರಕ್ಕೆ ಅದು ಲೆಕ್ಕಕ್ಕಿಲ್ಲ. ಪಂದ್ಯದ ಸೈಕಲ್ಲಿನ ಹೆಬ್ಬೆರಳಿನಷ್ಟು ಅಗಲದ ಚಕ್ರವಾದರೋ ಆ ಹುಲ್ಲಿನ ಮೇಲೆ ಹಿಡಿತ ತಪ್ಪಿ ಜಾರಿಬಿಡುತ್ತದೆ. ಎದುರಿನಿಂದ ಕಬ್ಬು ತುಂಬಿದ ಲಾರಿ ಬರುತ್ತಿದ್ದರೆ ಮುಂದೇನಾಗುವುದೆಂದು ಹೇಳಬೇಕಾಗಿಲ್ಲ.

ಓಟದಲ್ಲಿ ಗಾಳಿಯ ಪಾತ್ರ ಕಡಮೆ. ತೂಕದ ಪಾತ್ರ ಹೆಚ್ಚು. ಪ್ರತಿ ಹೆಜ್ಜೆಗೂ ಮೈಭಾರವನ್ನು ಎತ್ತಿ ಮುಂದಿಡಬೇಕಷ್ಟೆ? ಆದುದರಿಂದ ಇಲ್ಲಿ ನೋಡಬೇಕಾದದ್ದು ಒಟ್ಟು ವ್ಯಾಟುಗಳನ್ನಲ್ಲ, ಕಿಲೋಗ್ರಾಮಿಗೆ ಎಷ್ಟು ವ್ಯಾಟ್ ಎಂಬುದನ್ನು. ಪತಿಗೆ ೨೦೦ನ್ನು ೬೫ರಿಂದ ಭಾಗಿಸಿದರೆ ಸುಮಾರು ೩.೧, ಪತ್ನಿಗೆ ೧೫೦ನ್ನು ೫೦ರಿಂದ ಭಾಗಿಸಿದರೆ ೩. ಹೆಚ್ಚುಕಡಮೆ ಸಮ! ಸೈಕಲ್ಲಿನ ಮೇಲೆ ಹಿಂದೆ ಬಿದ್ದವಳು ಓಟದಲ್ಲಿ ಪಕ್ಕಕ್ಕೆ ಬಂದಳು. ಒಂದೇ ಜೋಡಿ, ಒಂದೇ ದಿನ, ಒಂದೇ ಬಲ. ಆದರೂ ಮೂರು ಆಟಗಳಲ್ಲಿ ಮೂರು ಬಗೆಯ ಸಂಬಂಧ.

ಜೊತೆಯಲ್ಲಿ ಓಡುವವರು ಜೊತೆಯಲ್ಲಿಯೇ ನೀರು ಕುಡಿಯುತ್ತಾರೆ. ಇದರಲ್ಲಿ ಅಪಾಯವಿದೆಯೆಂದು ಯಾರಿಗೂ ತೋರುವುದಿಲ್ಲ. ಓಟದಲ್ಲಿ ಒಂದು ಕಿಲೋಗ್ರಾಂ ತೂಕವನ್ನು ಒಂದು ಕಿಲೋಮೀಟರ್ ಸಾಗಿಸಲು ಸುಮಾರು ಒಂದು ಕಿಲೋಕ್ಯಾಲೊರಿ ಶಕ್ತಿ ಬೇಕು. ಹತ್ತು ಕಿಲೋಮೀಟರಿಗೆ ಪತಿಯ ವೆಚ್ಚ ೬೫೦, ಪತ್ನಿಯದು ೫೦೦. ಇದರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಶಾಖವಾಗಿ ಮಾರ್ಪಡುತ್ತದೆ: ಆತನಲ್ಲಿ ೫೨೦, ಆಕೆಯಲ್ಲಿ ೪೦೦. ಒಂದು ಲೀಟರ್ ಬೆವರು ಆವಿಯಾಗಿ ಹೋದರೆ ಸುಮಾರು ೫೮೦ ಕಿಲೋಕ್ಯಾಲೊರಿಯನ್ನು ಒಯ್ಯುತ್ತದೆ. ಎಲ್ಲ ಶಾಖವೂ ಬೆವರಿನಿಂದಲೇ ಹೋಗಬೇಕೆಂದಿಟ್ಟುಕೊಂಡರೆ ಆತನಿಗೆ ಸುಮಾರು ೦.೯ ಲೀಟರ್, ಆಕೆಗೆ ೦.೭ ಲೀಟರ್ ಬೆವರು ಸಾಕು. ತೊಟ್ಟಿಕ್ಕಿ ನೆಲಕ್ಕೆ ಬೀಳುವ ಬೆವರು ತಂಪನ್ನು ಕೊಡದು. ಸಂಗಮದ ಬಳಿ ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಎಷ್ಟು ಬೆವೆತರೂ ಮೈ ಕಾಯುವುದು ಇದರಿಂದಲೇ.

ಆಕೆಯೂ ಆತನಷ್ಟೇ ನೀರನ್ನು, ಬಾಯಾರಿಕೆಯಿಲ್ಲದಿದ್ದರೂ, ಗಂಟೆಗಟ್ಟಲೆ ಕುಡಿಯುತ್ತ ಹೋದರೆ ರಕ್ತದಲ್ಲಿನ ಸೋಡಿಯಂ ನೀರಾಗಿ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಮಂಕು. ಮಿತಿಮೀರಿದರೆ ಮಿದುಳು ಊದಿಕೊಂಡು ಪ್ರಾಣಾಪಾಯ. ೨೦೦೨ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ ೪೮೮ ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಅವರಲ್ಲಿ ಶೇಕಡ ೧೩ ಮಂದಿಗೆ ಸೋಡಿಯಂ ಕಡಮೆಯಾಗಿತ್ತು. ಓಡುತ್ತ ಓಡುತ್ತ ತೂಕ ಹೆಚ್ಚಿಸಿಕೊಂಡವರಲ್ಲಿ, ಎಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ವಿಶೇಷವಾಗಿ ಕಂಡಿತು. ಓಟದ ಮೊದಲೂ ಆಮೇಲೂ ತಕ್ಕಡಿಯ ಮೇಲೆ ನಿಲ್ಲುವುದು ಎಲ್ಲರಿಗೂ ಸಾಧ್ಯವಾದ ಪರೀಕ್ಷೆ. ಆಹಾರದ ವಿಷಯದಲ್ಲಿ ನಂಜನಗೂಡಿನವರಿಗೆ ಚಿಂತೆ ಬೇಡ. ಸಾಧಾರಣ ಗಾತ್ರದ ಒಂದು ಬಾಳೆಯ ಹಣ್ಣಿನಲ್ಲಿ ೨೫ ಗ್ರಾಮಿನಷ್ಟು ಶರ್ಕರಪಿಷ್ಟವಿರುತ್ತದೆ. ಅದು ಅವರ ಹೆಸರುವಾಸಿಯಾದ ರಸಬಾಳೆಯೇ ಆಗಬೇಕೆಂದರೆ ಮಾತ್ರ, ಸೊರಗುರೋಗಕ್ಕೆ ತುತ್ತಾಗಿ ಅಪರೂಪವಾಗಿರುವ ಆ ಹಣ್ಣನ್ನು ಹುಡುಕಿಕೊಂಡು ಹೋಗಬೇಕಾದೀತು.

ರಕ್ತದ ವಿಚಾರ ಬಂದುದರಿಂದ ಇನ್ನೊಂದು ಮಾತನ್ನು ಹೇಳಲೇಬೇಕು. ಆಮ್ಲಜನಕವನ್ನು ಸ್ನಾಯುಗಳಿಗೆ ಹೊರುವುದು ಹಿಮೋಗ್ಲೋಬಿನ್. ನೂರು ಮಿಲಿಲೀಟರ್ ರಕ್ತದಲ್ಲಿ ಆರೋಗ್ಯವಂತ ಗಂಡಸಿಗೆ ಸುಮಾರು ೧೫ ಗ್ರಾಂ, ಹೆಂಗಸಿಗೆ ಸುಮಾರು ೧೩.೫ ಗ್ರಾಂ ಇರುತ್ತದೆ. ಇದು ಪ್ರಕೃತಿಯ ವ್ಯತ್ಯಾಸ. ಆದರೆ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ಶೇಕಡ ೫೭ ಮಂದಿಗೆ ರಕ್ತಹೀನತೆಯಿದೆ. ಇದು ಪ್ರಕೃತಿಯದಲ್ಲ, ಬಹುಪಾಲು ಊಟದ ತಟ್ಟೆಯದು. ಮುಂದೆ ಓಡುತ್ತಿರುವ ಪತಿಯು ಹಿಂತಿರುಗಿ ನೋಡಿ "ಇನ್ನೂ ಸ್ವಲ್ಪ ಬೇಗ ಬಾರೇ" ಎನ್ನುವಾಗ, ಆಕೆಯಲ್ಲಿ ಕೊರತೆಯಿರುವುದು ಮನಸ್ಸಿನ ಬಲವಾಗಿರಲಾರದು, ಕಬ್ಬಿಣವಾಗಿರಬಹುದು. ಅಭ್ಯಾಸ ತೊಡಗುವ ಮೊದಲು ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯ ಬೂಟುಗಳನ್ನು ಕೊಳ್ಳುವುದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ.

ಹಾಗಾದರೆ ಬೇರೆ ಬೇರೆ ಬಲದ ಇಬ್ಬರು ಜೊತೆಯಾಗಿ ಅಭ್ಯಾಸ ಮಾಡುವ ಬಗೆ ಹೇಗೆ? ಶ್ರಮವನ್ನು ಅಳೆಯಲು ಉಪಕರಣ ಬೇಕಿಲ್ಲ: ಓಡುತ್ತಲೇ ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲು ಸಾಧ್ಯವಾದರೆ ಶ್ರಮ ಹದವಾಗಿದೆ, ಮಾತು ಮಾತಿಗೂ ಉಸಿರು ಕಡಿದರೆ ಹೆಚ್ಚಾಗಿದೆ. ಇನ್ನು ದಾರಿಯ ವಿಷಯ. ಇಬ್ಬರೂ ದೇವಾಲಯದ ಮುಂದಿನಿಂದ ಬೆಳಗ್ಗೆ ಆರು ಗಂಟೆಗೆ ಹೊರಡಲಿ. ತಮ್ಮ ತಮ್ಮ ಹದದಲ್ಲಿ ಅರ್ಧ ಗಂಟೆ ಓಡಿ, ಎಲ್ಲಿರುವರೋ ಅಲ್ಲಿಂದಲೇ ಹಿಂದಿರುಗಲಿ. ವೇಗವನ್ನು ಬದಲಿಸದಿದ್ದರೆ ಇಬ್ಬರೂ ಸರಿಯಾಗಿ ಏಳು ಗಂಟೆಗೆ ಹೊರಟ ಜಾಗದಲ್ಲಿಯೇ ಕೂಡುತ್ತಾರೆ. ದೂರ ಬೇರೆ, ವೇಗ ಬೇರೆ. ಶ್ರಮ ಒಂದೇ, ಕಾಲ ಒಂದೇ.

ಈ ಉಪಾಯ ಹರಿಯುವ ನೀರಿನಲ್ಲಿ ನಡೆಯದು. ನಮ್ಮ ದಂಪತಿ ೦.೬ ಮೀಟರ್ ವೇಗದ ಹರಿವಿಗೆ ಎದುರಾಗಿ ೫ ನಿಮಿಷ ಈಜಿ ಹಿಂದಿರುಗಿದರೆನ್ನಿ. ಆಕೆ ೧೨೦ ಮೀಟರ್ ಹೋಗಿರುತ್ತಾಳೆ. ಹಿಂದಿರುಗಲು ೭೫ ಸೆಕೆಂಡ್ ಬೇಕು. ಆತನು ಹೋದದ್ದು ೩೦ ಮೀಟರ್. ೨೩ ಸೆಕೆಂಡಿನಲ್ಲಿ ಬಂದುಬಿಡುತ್ತಾನೆ. ನಿಧಾನದ ಈಜುಗಾರನೇ ಮೊದಲು ದಡ ಸೇರಿದ! ಹರಿವಿನ ವೇಗ ೦.೬ರ ಬದಲು ೦.೭ ಆದರೆ ಆತನು ಎಲ್ಲಿರುತ್ತಾನೆ, ೦.೮ ಆದರೆ ಎಲ್ಲಿರುತ್ತಾನೆ ಎಂಬ ಲೆಕ್ಕವನ್ನು ಓದುಗರಿಗೆ ಬಿಟ್ಟಿದೆ.