ಎಂಟು ಹೊಲಿಗೆ ಬಿದ್ದರೂ ಸಾದಾ ಗಾಯ

ಬೇಲಿ ಜಗಳದಲ್ಲಿ ಒಬ್ಬರನ್ನು ಗೋಡೆಗೆ ನೂಕುತ್ತಾರೆ. ತಲೆ ಒಡೆದು ಅಂಗಿಯೆಲ್ಲ ರಕ್ತ, ಎಂಟು ಹೊಲಿಗೆ. ಇನ್ನೊಬ್ಬರ ಬಾಯಿಗೆ ಬಿದ್ದದ್ದು ಒಂದೇ ಗುದ್ದು. ಮುಂದಿನ ಹಲ್ಲು ಮುರಿಯಿತು, ರಕ್ತ ನಾಲ್ಕು ಹನಿ. ಬುರುಡೆಗೆ ಪೆಟ್ಟಾಗದೆ ಜೀವಕ್ಕೆ ಅಪಾಯವಿಲ್ಲದಿದ್ದರೆ ಮೊದಲನೆಯದು ಸಾಮಾನ್ಯವಾಗಿ ಸಾದಾ ಗಾಯವೇ. ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಮಿನಡಿ ಹೆಚ್ಚೆಂದರೆ ಒಂದು ವರ್ಷ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಲ್ಲು ಮುರಿದದ್ದು ತೀವ್ರ ಗಾಯ. 117(2)ರಡಿ ಏಳು ವರ್ಷದವರೆಗೆ ಸಜೆ, ಜೊತೆಗೆ ದಂಡ. ಅಂಥ ಪೆಟ್ಟಾದೀತೆಂಬ ಅರಿವು ಹೊಡೆದವನಿಗಿತ್ತೇ ಎಂದೂ ಕೋರ್ಟು ನೋಡುತ್ತದೆ, ಆ ಹಲ್ಲು ಮೊದಲೇ ಅಲ್ಲಾಡುತ್ತಿತ್ತೇ ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ.

ರಕ್ತ ಎಷ್ಟು ಹೋಯಿತು, ಎಷ್ಟು ನೋವಾಯಿತು ಎಂಬುದು ಇಲ್ಲಿ ಅಳತೆಯಲ್ಲ. 116ನೇ ಕಲಂ ಎಂಟು ಬಗೆಯನ್ನು ಮಾತ್ರ ತೀವ್ರ ಎನ್ನುತ್ತದೆ: ಪುರುಷತ್ವ ನಾಶ, ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದು, ಅಂಗ ಅಥವಾ ಕೀಲು ಹೋಗುವುದು, ಅದರ ಶಕ್ತಿ ಕುಂದುವುದು, ತಲೆ ಅಥವಾ ಮುಖ ಶಾಶ್ವತವಾಗಿ ವಿಕಾರವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು ಇಲ್ಲವೇ ಜಾಗ ತಪ್ಪುವುದು, ಕೊನೆಯದಾಗಿ ಜೀವಕ್ಕೆ ಅಪಾಯ ತರುವ ಅಥವಾ 15 ದಿನ ತೀವ್ರ ನೋವು ಕೊಡುವ, ಇಲ್ಲವೇ ಅಷ್ಟು ದಿನ ನಿತ್ಯದ ಕೆಲಸಕ್ಕೆ ತಡೆಯಾಗುವ ಗಾಯ. ಹಳೆಯ ದಂಡ ಸಂಹಿತೆಯಲ್ಲಿ ಈ ಅವಧಿ 20 ದಿನವಿತ್ತು. 2024ರ ಜುಲೈ 1ಕ್ಕೆ ಮುಂಚಿನ ಘಟನೆಗಳಿಗೆ ಈಗಲೂ ಅದೇ ಲೆಕ್ಕ. ಸುಮ್ಮನೆ 15 ದಿನ ಆಸ್ಪತ್ರೆಯಲ್ಲಿ ಮಲಗಿದ್ದರೆ ಸಾಲದು. ಕೇಸು ಬಲವಾಗಲೆಂದು ಡಿಸ್ಚಾರ್ಜ್ ಮುಂದೂಡಿಸುವವರು ಇದನ್ನು ಗಮನಿಸಬೇಕು.

ವೈದ್ಯರ ವಿಂಗಡಣೆಯೇ ಬೇರೆ. ಅವರು ನೋಡುವುದು ಗಾಯ ಹೇಗಾಯಿತು ಎಂದು. ಚರ್ಮದ ಮೇಲ್ಪದರ ಮಾತ್ರ ಕಿತ್ತರೆ ತರಚುಗಾಯ. ಚರ್ಮ ಹರಿಯದೆ ಒಳಗೆ ರಕ್ತನಾಳ ಒಡೆದರೆ ಮೂಗೇಟು. ಮೊಂಡು ವಸ್ತುವಿನ ಏಟಿಗೆ ಚರ್ಮ ಬಿರಿದರೆ ಸೀಳುಗಾಯ. ಹರಿತವಾದದ್ದು ತಾಗಿದರೆ ಕೊಯ್ದ ಗಾಯ. ಉದ್ದಗಲಕ್ಕಿಂತ ಆಳ ಹೆಚ್ಚಿದ್ದರೆ ಇರಿತ. ತಲೆಯ ಮೇಲಿನ ಗಾಯ ಇಲ್ಲಿ ಮೋಸ ಮಾಡುತ್ತದೆ. ಚರ್ಮದ ಕೆಳಗೇ ಮೂಳೆ ಇರುವುದರಿಂದ ದೊಣ್ಣೆ ಏಟಿಗೂ ಮಚ್ಚಿನಿಂದ ಕೊಯ್ದ ಹಾಗೆ ನೇರವಾಗಿ ಬಿರಿಯುತ್ತದೆ. ವೈದ್ಯರು ಲೆನ್ಸ್ ಹಿಡಿದು ನೋಡಿದಾಗ ಅಂಚು ಜಜ್ಜಿರುತ್ತದೆ, ಕೂದಲ ಬುಡ ನಜ್ಜುಗುಜ್ಜಾಗಿರುತ್ತದೆ, ಸೀಳಿನ ಆಳದಲ್ಲಿ ಎಳೆ ಎಳೆಯಾಗಿ ನಾರು ಉಳಿದಿರುತ್ತದೆ. ಮಚ್ಚಾಗಿದ್ದರೆ ಕೂದಲೂ ನೀಟಾಗಿ ತುಂಡಾಗಿರುತ್ತಿತ್ತು. ದೂರಿನಲ್ಲಿ ಮಚ್ಚು, ವೈದ್ಯರ ಗಾಯದ ಸರ್ಟಿಫಿಕೇಟಿನಲ್ಲಿ ಮೊಂಡು ಆಯುಧ ಎಂದು ಬಂದರೆ ನಿಜವಾಗಿ ಪೆಟ್ಟು ತಿಂದವರ ಕೇಸೂ ಸಡಿಲವಾಗುತ್ತದೆ. ಯಾವುದರಿಂದ ಹೊಡೆದರೋ ಅಷ್ಟನ್ನೇ ಹೇಳಿ. ದೊಣ್ಣೆಯಾದರೂ ಅದರಿಂದ ಜೀವ ಹೋಗುವ ಸಂಭವವಿದ್ದರೆ ಅದು 118ನೇ ಕಲಮಿನ ಅಪಾಯಕಾರಿ ಆಯುಧವೇ; ಸಾದಾ ಗಾಯಕ್ಕೂ ಆಗ ಮೂರು ವರ್ಷದವರೆಗೆ ಸಜೆ.

ಕೌಂಟರ್ ಕೇಸಿಗಾಗಿ ಬ್ಲೇಡಿನಿಂದ ತಾವೇ ಗೀರಿಕೊಂಡು ಬರುವವರೂ ಇದ್ದಾರೆ. ಸ್ವಂತ ಕೈಗೆ ಎಟುಕುವ ಜಾಗ, ಒಂದರ ಪಕ್ಕ ಒಂದು ಮೇಲುಮೇಲಿನ ಗೆರೆ, ಮೇಲಿನ ಬಟ್ಟೆಗೆ ಕಿಂಚಿತ್ತೂ ಹರುಕಿಲ್ಲ. ಇಷ್ಟು ಕಂಡರೆ ವೈದ್ಯರಿಗೆ ಅನುಮಾನ ಬಾರದೆ ಇರದು.

ಮೂಗೇಟಿನ ಬಣ್ಣವೂ ಸಾಕ್ಷಿಯೇ. ಹೊಸದರಲ್ಲಿ ಕೆಂಪು, ಒಂದೆರಡು ದಿನದಲ್ಲಿ ನೀಲಿಗಪ್ಪು, ಆಮೇಲೆ ಹಸಿರು, ವಾರದ ಹೊತ್ತಿಗೆ ಹಳದಿ. ಗಂಟೆ ಲೆಕ್ಕದ ನಿಖರತೆ ಇದಕ್ಕಿಲ್ಲ, ಆದರೆ ಹೆಂಗಸೊಬ್ಬಳ ಬೆನ್ನಿನ ಮೇಲೆ ಕೆಂಪು, ಹಸಿರು, ಹಳದಿ ಮೂರೂ ಒಟ್ಟಿಗಿದ್ದರೆ ಏಟು ಒಂದೇ ದಿನದ್ದಲ್ಲ ಎಂದು ಗೊತ್ತಾಗುತ್ತದೆ. ಲಾಠಿಯೇಟು ನಡುವೆ ಬಿಳಿಚಿದ ಪಟ್ಟಿ ಬಿಟ್ಟು ಎರಡೂ ಬದಿಗೆ ಸಮಾನಾಂತರ ಗೆರೆ ಮೂಡಿಸುತ್ತದೆ. ಆಳದ ಒಳಪೆಟ್ಟು ಮೇಲೆ ಕಾಣಲು ಒಂದೆರಡು ದಿನ ಬೇಕಾಗಬಹುದು. ಮೊದಲ ದಿನ ಕಾಣದ ಗುರುತು ಮೂರನೇ ದಿನ ಕಂಡರೆ ಮತ್ತೆ ಹೋಗಿ ಬರೆಸಿ, ಫೋಟೊ ಇಟ್ಟುಕೊಳ್ಳಿ.

ಇನ್ನು ಆಸ್ಪತ್ರೆಯ ಮಾತು. ಚಿಕಿತ್ಸೆಗೆ ಮುಂಚೆ ಪೊಲೀಸ್ ಕಾಗದ ತನ್ನಿ ಎನ್ನುವ ಹಾಗಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದು ಮೊದಲು ಎಂದು 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಲ್ಲೆಯೆಂದು ತಿಳಿಸಿ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ದಾಖಲು ಮಾಡಿಸಿ. ಮಾನಕ್ಕೆ ಅಂಜಿ 'ಮೆಟ್ಟಿಲಿನಿಂದ ಬಿದ್ದೆ' ಎಂದು ಬರೆಸಿದ ಒಂದು ಸಾಲನ್ನು ಪಾಟೀಸವಾಲಿನಲ್ಲಿ ಹತ್ತು ಸಲ ಓದಿಸುತ್ತಾರೆ. ಮೈಮೇಲಿನ ಪ್ರತಿ ಗುರುತನ್ನೂ ತೋರಿಸಿ. ಮುಂಗೈ ಹೊರಬದಿಯ, ಅಂಗೈಯ ಸಣ್ಣ ಗಾಯವನ್ನು ಬಿಡಲೇಬೇಡಿ. ಏಟು ತಡೆಯಲು ಕೈ ಅಡ್ಡ ಹಿಡಿದದ್ದಕ್ಕೆ ಅದೇ ಗುರುತು.

ಮೂಳೆಯ ಅನುಮಾನವಿದ್ದರೆ ವೈದ್ಯರು ಅಭಿಪ್ರಾಯ ಕಾಯ್ದಿರಿಸಿ ಎಕ್ಸ್-ರೇಗೆ ಕಳಿಸುತ್ತಾರೆ. ಬಹಳ ಜನ ಅಲ್ಲಿಗೇ ಮನೆಗೆ ಹೋಗಿಬಿಡುತ್ತಾರೆ. ಫಿಲ್ಮಾಗಲಿ ರೇಡಿಯಾಲಜಿ ವರದಿಯಾಗಲಿ ಕೋರ್ಟಿನ ಮುಂದೆ ಬಾರದೆ ತೀವ್ರ ಗಾಯದ ಕೇಸು ಸಾದಾ ಗಾಯಕ್ಕೆ ಇಳಿದದ್ದುಂಟು. ಠಾಣೆಯಲ್ಲೂ ಇದೇ ವ್ಯತ್ಯಾಸ: 115(2) ಒಂದೇ ಆದರೆ ಅದು ಅಸಂಜ್ಞೇಯ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, 117(2) ಆದರೆ ಎಫ್‌ಐಆರ್ ಆಗಬೇಕು, ಅದರ ಪ್ರತಿ ದೂರುದಾರರಿಗೆ ಉಚಿತ.

ಗಾಯ ದಾಖಲಿಸಿಕೊಳ್ಳುವ ಹಕ್ಕು ಬಂಧಿತರಿಗೂ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮಿನಂತೆ ಬಂಧನವಾದ ಕೂಡಲೇ ವೈದ್ಯಾಧಿಕಾರಿ ಪರೀಕ್ಷಿಸಿ, ಮೈಮೇಲಿನ ಗಾಯ ಮತ್ತು ಅದು ಸುಮಾರು ಯಾವಾಗ ಆಯಿತೆಂಬುದನ್ನು ದಾಖಲಿಸಬೇಕು. ಆ ವರದಿಯ ಪ್ರತಿ ಬಂಧಿತರಿಗೆ ಅಥವಾ ಅವರು ಹೆಸರಿಸಿದವರಿಗೆ ಸಿಗಬೇಕು. ಕೊಡದಿದ್ದರೆ ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗಲೇ ಕೇಳಬಹುದು.