ವೆಚ್ಚವಿಲ್ಲದ ಜಾಲತಾಣವೂ ಆಲೆಮನೆಯ ಬೆಲ್ಲದ ಮಾರಾಟವೂ

ಮಂಡ್ಯದ ಸೀಮೆಯಲ್ಲಿ ನಾಲೆಯ ನೀರು ಹರಿಯತೊಡಗಿದಂದಿನಿಂದ ಕಬ್ಬಿನ ಬೆಳೆಯೂ ಅದರೊಡನೆ ಆಲೆಮನೆಗಳೂ ಹೆಚ್ಚಿಕೊಂಡು ಬಂದುದು ಎಲ್ಲರೂ ಬಲ್ಲ ಸಂಗತಿಯಾಗಿದೆ. ಒಂದು ಟನ್ ಕಬ್ಬನ್ನು ಅರೆದು ಹಾಲನ್ನು ಕಾಯಿಸಿದರೆ ಸುಮಾರು ೧೦೦ ಕಿಲೋ ಬೆಲ್ಲ ದೊರೆಯುತ್ತದೆ. ಹೀಗೆ ದೊರೆತ ಬೆಲ್ಲವು ಮಂಡಿಗೆ ಹೋದಾಗ ಅದರ ಬೆಲೆಯನ್ನು ಗೊತ್ತುಮಾಡತಕ್ಕವನು ಕಾಯಿಸಿದವನಲ್ಲ, ಕೊಳ್ಳುವವನು. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಬೆರೆಸಿದ ಬೆಲ್ಲಕ್ಕೂ, ಬೆಂಡೆಗಿಡದ ಲೋಳೆಯಿಂದ ಮಡ್ಡಿಯನ್ನು ತೆಗೆದು ಶ್ರಮಪಟ್ಟು ಮಾಡಿದ ಕಂದುಬಣ್ಣದ ಬೆಲ್ಲಕ್ಕೂ ಇರುವ ತಾರತಮ್ಯವನ್ನು ಎಣಿಸುವವರು ಅಲ್ಲಿ ಕಡಮೆ. ಎಷ್ಟೋ ವೇಳೆ ಎರಡನೆಯದಕ್ಕೇ ಬೆಲೆ ಇಳಿಯುವುದುಂಟು. ಆದರೆ ಅದೇ ಕಂದುಬೆಲ್ಲವನ್ನು ಬೇಕೆಂದು ಅರಸುವ ಗೃಹಸ್ಥರು ಬೆಂಗಳೂರು, ಮೈಸೂರು ಮುಂತಾದ ಪಟ್ಟಣಗಳಲ್ಲಿ ಇದ್ದಾರೆ. ಅವರು ಅರಸುವುದು ಈಗ ಪೇಟೆಯ ಬೀದಿಯಲ್ಲಿ ಮಾತ್ರವಲ್ಲ, ಕೈಯಲ್ಲಿರುವ ಮೊಬೈಲಿನಲ್ಲಿ. ಮಾಡುವವನು ಒಂದು ಕಡೆ, ಬೇಕೆನ್ನುವವನು ಇನ್ನೊಂದು ಕಡೆ ಇದ್ದು ಇಬ್ಬರೂ ಒಬ್ಬರಿಗೊಬ್ಬರು ಕಾಣದಿರುವುದೇ ಇಲ್ಲಿಯ ಕೊರತೆ.

ಈ ಕೊರತೆಯನ್ನು ನೀಗಲು ಹಣ ಕೊಡದೆ ಕಟ್ಟಿಕೊಳ್ಳಬಹುದಾದ ಸಣ್ಣ ಜಾಲತಾಣವೊಂದು ಸಾಧನವಾಗಬಲ್ಲುದು. ಆದರೆ ತಾಣವನ್ನು ಕಟ್ಟಿದ ಮಾತ್ರಕ್ಕೆ ಗಿರಾಕಿಗಳು ಬಂದುಬಿಡುವುದಿಲ್ಲ. ಬೀಜವನ್ನು ಚೆಲ್ಲುವುದು ಬೇರೆ, ಬಿತ್ತುವುದು ಬೇರೆ. ಒಬ್ಬ ಆಲೆಮನೆಯ ಯಜಮಾನನನ್ನು ನಿದರ್ಶನಕ್ಕಾಗಿ ಇಟ್ಟುಕೊಂಡು, ಆತನು ಮಾಡತಕ್ಕ ಕೆಲಸಗಳನ್ನು ಕ್ರಮವಾಗಿ ಇಲ್ಲಿ ವಿವರಿಸಿದೆ.

೧. ಹುಡುಕುಯಂತ್ರವು ಕೆಲಸಮಾಡುವ ರೀತಿ

ಗೂಗಲ್ ಮೊದಲಾದ ಹುಡುಕುಯಂತ್ರಗಳ ಕೆಲಸದಲ್ಲಿ ಮೂರು ಹಂತಗಳಿವೆ. ಮೊದಲನೆಯದಾಗಿ, ಯಂತ್ರವು ಒಂದು ಪುಟದಿಂದ ಮತ್ತೊಂದು ಪುಟಕ್ಕೆ ಕೊಂಡಿಗಳನ್ನು ಹಿಡಿದು ಸಂಚರಿಸುತ್ತ ಹೊಸ ಪುಟಗಳನ್ನು ಕಂಡುಹಿಡಿಯುತ್ತದೆ. ಎರಡನೆಯದಾಗಿ, ಕಂಡ ಪುಟದಲ್ಲಿರುವ ಮಾತುಗಳನ್ನು ಓದಿ, ಆ ಪುಟವು ಯಾವ ವಿಷಯದ್ದೆಂಬುದನ್ನು ತನ್ನ ದಫ್ತರದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮೂರನೆಯದಾಗಿ, ಯಾರಾದರೂ ಪ್ರಶ್ನೆ ಕೇಳಿದಾಗ ಆ ದಫ್ತರದಿಂದ ತಕ್ಕ ಪುಟಗಳನ್ನು ಆರಿಸಿ ಮುಂದಿಡುತ್ತದೆ. ಗೂಗಲಿನ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬುವರು ೧೯೯೮ರಲ್ಲಿ ಪ್ರಕಟಿಸಿದ ಪದ್ಧತಿಯಂತೆ, ಒಂದು ಪುಟಕ್ಕೆ ಇತರ ಒಳ್ಳೆಯ ಪುಟಗಳಿಂದ ಬರುವ ಕೊಂಡಿಗಳು ಸಾಕ್ಷಿಗಳ ಹಾಗೆ ಎಣಿಕೆಗೆ ಬರುತ್ತವೆ. ಈಗ ಬೇರೆ ಅನೇಕ ಲಕ್ಷಣಗಳನ್ನೂ ಪರಿಶೀಲಿಸುವುದುಂಟು.

ಇದರಿಂದ ತಿಳಿಯತಕ್ಕ ಮುಖ್ಯಾಂಶವೇನೆಂದರೆ, ಪುಟದಲ್ಲಿ ಯಾವ ಮಾತು ಬರೆದಿಲ್ಲವೋ ಅದನ್ನು ಯಂತ್ರವು ತಾನಾಗಿ ಊಹಿಸಿಕೊಳ್ಳುವುದೆಂದು ನಂಬಿ ಕುಳಿತುಕೊಳ್ಳಲಾಗದು. ಬೆಲ್ಲದ ಹೆಸರು, ಊರು, ತೂಕ, ಬೆಲೆ ಇವೆಲ್ಲವನ್ನೂ ಒಂದು ಅಂದವಾದ ಚಿತ್ರಪಟದಲ್ಲಿ ಅಚ್ಚುಹಾಕಿಸಿ ಆ ಚಿತ್ರವನ್ನು ಮಾತ್ರ ತಾಣದಲ್ಲಿ ಹಾಕಿದರೆ, ಓದುವವರ ಕಣ್ಣಿಗೆ ಚೆನ್ನಾಗಿ ಕಂಡರೂ ಹುಡುಕುವವರಿಗೆ ಅದು ದೊರೆಯುವುದು ದುರ್ಲಭ.

೨. ತಾಣವನ್ನು ಕಟ್ಟುವ ಕ್ರಮ

ಹಣ ತೆಗೆದುಕೊಳ್ಳದೆ ತಾಣಕ್ಕೆ ಸ್ಥಳ ಕೊಡುವ ಏರ್ಪಾಡುಗಳಲ್ಲಿ ಗೂಗಲ್ ಸೈಟ್ಸ್, ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ಮೂರು ಪ್ರಸಿದ್ಧವಾದವು. ವರ್ಡ್‌ಪ್ರೆಸ್ ಡಾಟ್ ಕಾಮಿನ ಉಚಿತ ತಾಣದಲ್ಲಿ ಪರರ ಜಾಹೀರಾತುಗಳು ಕಾಣಿಸಿಕೊಳ್ಳಬಹುದು. ಬ್ಲಾಗರ್ ದಿನಚರಿಯಂತೆ ಮೇಲಿಂದ ಮೇಲೆ ಬರೆಯುವವರಿಗೆ ಅನುಕೂಲ. ಒಂದು ಕಸುಬಿನ ಐದಾರು ಪುಟಗಳಿಗೆ ಗೂಗಲ್ ಸೈಟ್ಸ್ ಸುಲಭವಾದುದು. ಜೀಮೇಲ್ ವಿಳಾಸವಿದ್ದವರಿಗೆ ಬೇರೆ ಅರ್ಜಿ ಬೇಕಿಲ್ಲ. ಪುಟಗಳನ್ನು ಬರೆಯುವಾಗ ಕಂಪ್ಯೂಟರಿನಲ್ಲಿ ಕುಳಿತು ಮಾಡುವುದು ಲೇಸು.

ಮೊದಲು ತಾಣಕ್ಕೆ ಹೆಸರಿಡಬೇಕು. ಹೆಸರಿನಲ್ಲಿ ಕಸುಬೂ ಊರೂ ಎರಡೂ ಇರತಕ್ಕದ್ದು. ದೇವರ ಹೆಸರನ್ನೊಂದನ್ನೇ ಇಟ್ಟರೆ, ಅದೇ ಹೆಸರಿನ ಅಕ್ಕಿ ಗಿರಣಿಯೂ ಬಸ್ ಸರ್ವೀಸೂ ನೂರಾರು ಇರುವುದರಿಂದ ಗುರುತು ಸಿಕ್ಕುವುದಿಲ್ಲ. ಅನಂತರ ಈ ಕೆಳಗಿನ ಪುಟಗಳನ್ನು ಬೇರೆ ಬೇರೆಯಾಗಿ ಏರ್ಪಡಿಸತಕ್ಕದ್ದು:

ಅ) ಆಲೆಮನೆ ಎಲ್ಲಿದೆ, ಯಾವ ತಿಂಗಳುಗಳಲ್ಲಿ ಗಾಣ ನಡೆಯುತ್ತದೆ, ಯಾವ ತಳಿಯ ಕಬ್ಬು, ಉದಾಹರಣೆಗೆ ಸಿಓ ೮೬೦೩೨, ಎಂಬ ವಿವರ.

ಆ) ಅಚ್ಚು, ಉಂಡೆ, ಪುಡಿ, ಜೋನಿ ಎಂಬ ಪ್ರತಿಯೊಂದು ಬಗೆಗೂ ಒಂದೊಂದು ಪುಟ, ತೂಕವೂ ಆ ದಿನದ ಬೆಲೆಯೂ ಸಹಿತ.

ಇ) ಬೆಲ್ಲವನ್ನು ಮಾಡುವ ಕ್ರಮ, ಬಳಸಿದ ಪದಾರ್ಥ, ಬಳಸದಿರುವ ಪದಾರ್ಥ.

ಈ) ಮಳೆಗಾಲದಲ್ಲಿ ಬೆಲ್ಲ ನೀರೊಡೆಯದಂತೆ ಇಡುವ ಬಗೆ ಮುಂತಾದ, ಗಿರಾಕಿಗಳು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ.

ಉ) ದೂರವಾಣಿಯ ಸಂಖ್ಯೆ, ದಾರಿಯ ನಕ್ಷೆ, ಆಹಾರ ಸುರಕ್ಷತಾ ಪ್ರಾಧಿಕಾರದವರು ಕೊಟ್ಟ ೧೪ ಅಂಕಿಗಳ ನೋಂದಣಿಯ ಸಂಖ್ಯೆ.

ಪುಟಗಳು ಸಿದ್ಧವಾದ ಮೇಲೆ ಪ್ರಕಟಿಸುವ ಗುಂಡಿಯನ್ನು ಒತ್ತಬೇಕು. ಆಗ ಹುಡುಕುಯಂತ್ರಗಳು ಈ ತಾಣವನ್ನು ತೋರಿಸಕೂಡದೆಂದು ಕೋರುವ ಒಂದು ಚೌಕವು ಕಾಣುತ್ತದೆ. ಅದರಲ್ಲಿ ಗುರುತು ಬೀಳದಂತೆ ನೋಡಿಕೊಳ್ಳಬೇಕು. ತಿಳಿಯದೆ ಗುರುತು ಹಾಕಿದವನು ಅಂಗಡಿಯನ್ನು ತೆರೆದು ಬಾಗಿಲಿಗೆ ಬೀಗ ಹಾಕಿದವನಿಗೆ ಸಮಾನ.

೩. ಮಾತುಗಳ ಆಯ್ಕೆ

ಬೆಳೆಗೆ ಗೊಬ್ಬರ ಹೇಗೋ ತಾಣಕ್ಕೆ ಮಾತು ಹಾಗೆ. ಮಾರುವವನ ಬಾಯಲ್ಲಿರುವ ಮಾತಿಗಿಂತ ಕೊಳ್ಳುವವನು ಹುಡುಕುವಾಗ ಬರೆಯುವ ಮಾತು ಇಲ್ಲಿ ಮುಖ್ಯ. “ಉತ್ಕೃಷ್ಟ ಗುಣಮಟ್ಟದ ಪಾರಂಪರಿಕ ಮಧುರ ಪದಾರ್ಥ” ಎಂದು ಯಾವ ಗೃಹಿಣಿಯೂ ಹುಡುಕುವುದಿಲ್ಲ. “ಮಂಡ್ಯ ಅಚ್ಚು ಬೆಲ್ಲ ಒಂದು ಕಿಲೋ ಬೆಲೆ” ಎಂದು ಹುಡುಕುತ್ತಾಳೆ. ಆದುದರಿಂದ ಆಲೆಮನೆಗೆ ದೂರವಾಣಿಯಲ್ಲಿ ಬರುವ ಪ್ರಶ್ನೆಗಳನ್ನು ಒಂದು ತಿಂಗಳ ಕಾಲ ಪುಸ್ತಕದಲ್ಲಿ ಬರೆದಿಟ್ಟು, ಆ ಮಾತುಗಳನ್ನೇ ಪುಟದ ಶಿರೋನಾಮೆಯಲ್ಲಿಯೂ ಮೊದಲ ವಾಕ್ಯಗಳಲ್ಲಿಯೂ ಸಹಜವಾಗಿ ಬಳಸತಕ್ಕದ್ದು. ಪ್ರತಿ ಪುಟಕ್ಕೂ ಬೇರೆ ಬೇರೆ ಶಿರೋನಾಮೆ ಇರಬೇಕು. ಇಂಗ್ಲಿಷಿನಲ್ಲಿ ಹುಡುಕುವವರೂ ಬಹಳ ಮಂದಿ ಇರುವುದರಿಂದ ಅದೇ ವಿಷಯವನ್ನು ಇಂಗ್ಲಿಷಿನಲ್ಲಿಯೂ ಒಂದು ಪುಟವಾಗಿ ಬರೆಯಿಸುವುದು ಪ್ರಯೋಜನಕರ.

ಕನ್ನಡದ ಬರಹವು ಯೂನಿಕೋಡ್ ಅಕ್ಷರಗಳಲ್ಲಿಯೇ ಇರಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿಟ್ಟ ಕರಪತ್ರವನ್ನು ಹಾಗೆಯೇ ತಂದು ಅಂಟಿಸಿದರೆ, ಅದು ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೋರುತ್ತದೆಯೇ ಹೊರತು ಕನ್ನಡವಾಗಿ ತೋರುವುದಿಲ್ಲ.

ಒಂದೇ ಮಾತನ್ನು ಐವತ್ತು ಸಲ ತುಂಬಿದರೆ ಫಲ ಹೆಚ್ಚುವುದೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ಗೊಬ್ಬರ ಅತಿಯಾದರೆ ಪೈರು ಮಲಗುವಂತೆ, ಹೀಗೆ ತುಂಬಿದ ಪುಟವನ್ನು ಯಂತ್ರವು ಮೋಸವೆಂದೆಣಿಸಿ ಹಿಂದಕ್ಕೆ ತಳ್ಳಬಹುದು. ಪುಟದ ಮರೆಯಲ್ಲಿ ಮುಖ್ಯಪದಗಳ ಪಟ್ಟಿಯನ್ನು ಅಡಗಿಸಿಡುವ ಪದ್ಧತಿಯೂ ನಿರರ್ಥಕ. ಅದನ್ನು ತಾನು ಗಣನೆಗೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ ೨೦೦೯ರಲ್ಲಿಯೇ ಪ್ರಕಟಿಸಿತು.

ಚಿತ್ರಗಳು ಅವಶ್ಯಕ. ಕೊಪ್ಪರಿಗೆ, ಅಚ್ಚಿನ ಮಣೆ, ಸಿದ್ಧವಾದ ಬೆಲ್ಲ ಇವುಗಳ ಸ್ವಂತ ಚಿತ್ರಗಳನ್ನೇ ಹಾಕಿ, ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆಯನ್ನು ಸೇರಿಸಬೇಕು. ಚಿತ್ರದ ಗಾತ್ರವನ್ನು ಮೊದಲೇ ತಗ್ಗಿಸಿಕೊಳ್ಳತಕ್ಕದ್ದು. ಇಲ್ಲವಾದರೆ ಪುಟವು ತೆರೆಯುವುದು ತಡವಾಗಿ, ನೋಡುವವನು ಬೇಸರಗೊಂಡು ಹೊರಟುಹೋಗುವನು. ಗೂಗಲ್ ಯಂತ್ರವು ಈಗ ತಾಣಗಳನ್ನು ಮೊಬೈಲಿನಲ್ಲಿ ಕಾಣುವ ರೂಪದಲ್ಲಿಯೇ ಓದುತ್ತದೆ. ಆದಕಾರಣ ಕಂಪ್ಯೂಟರಿನಲ್ಲಿ ಕಟ್ಟಿದ ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡದೆ ಕೆಲಸ ಮುಗಿಯಿತೆಂದು ತಿಳಿಯಬಾರದು.

೪. ಸ್ಥಳದ ನೋಂದಣಿ

ಗಿರಾಕಿಗಳು ಆಲೆಮನೆಗೇ ಬಂದು ಕೊಳ್ಳುವ ಅನುಕೂಲವಿದ್ದಲ್ಲಿ, ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬುದರಲ್ಲಿ ಆ ಸ್ಥಳವನ್ನು ನೋಂದಾಯಿಸತಕ್ಕದ್ದು. ಇದಕ್ಕೂ ಹಣವಿಲ್ಲ. ನಕ್ಷೆಯಲ್ಲಿ ಸಮೀಪದ ಬೆಲ್ಲದ ಅಂಗಡಿಯನ್ನು ಹುಡುಕುವವನಿಗೆ ತೋರಿಸುವಾಗ, ಕೇಳಿದ ವಸ್ತುವಿಗೆ ಹೊಂದಿಕೆ, ದೂರ, ಪ್ರಸಿದ್ಧಿ ಎಂಬ ಮೂರನ್ನು ಎಣಿಸುತ್ತಾರೆ. ದೂರವನ್ನು ಬದಲಾಯಿಸಲು ಯಾರಿಂದಲೂ ಸಾಧ್ಯವಿಲ್ಲ. ಉಳಿದ ಎರಡು ಯಜಮಾನನ ಶ್ರದ್ಧೆಗೆ ಒಳಪಟ್ಟವು. ಹೆಸರು, ವಿಳಾಸ, ದೂರವಾಣಿ ಇವು ತಾಣದಲ್ಲಿಯೂ ನಕ್ಷೆಯಲ್ಲಿಯೂ ಅಕ್ಷರಶಃ ಒಂದೇ ಆಗಿರಲಿ. ಗಾಣ ನಿಂತಿರುವ ತಿಂಗಳುಗಳಲ್ಲಿ ಮುಚ್ಚಿದೆಯೆಂದು ತಿಳಿಸಲಿ. ದೂರದಿಂದ ಬಂದು ಬರಿಗೈಯಲ್ಲಿ ಹಿಂದಿರುಗಿದವನು ಮತ್ತೆ ಬರುವುದಿಲ್ಲ. ತೃಪ್ತರಾದ ಗಿರಾಕಿಗಳನ್ನು ಅಭಿಪ್ರಾಯ ಬರೆಯಿರೆಂದು ಕೇಳಬಹುದು. ಹಣ ಕೊಟ್ಟು ಬರೆಯಿಸುವುದು ನಿಷಿದ್ಧ.

೫. ಫಲವನ್ನು ಅಳೆಯುವುದು

ತಾಣವು ಯಂತ್ರದ ದಫ್ತರಕ್ಕೆ ಸೇರಿತೇ ಎಂಬುದನ್ನು ನೋಡಿಕೊಳ್ಳಲು ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನವಿದೆ. ತಾಣದ ಒಡೆತನವನ್ನು ರುಜುವಾತುಪಡಿಸಿದವರಿಗೆ, ಯಾವ ಯಾವ ಮಾತುಗಳಿಂದ ಹುಡುಕಿದಾಗ ಪುಟ ಕಾಣಿಸಿತು, ಎಷ್ಟು ಮಂದಿ ಅದನ್ನು ಒತ್ತಿ ಒಳಗೆ ಬಂದರು, ಸರಾಸರಿ ಎಷ್ಟನೆಯ ಸ್ಥಾನ ದೊರೆಯಿತು ಎಂಬ ೧೬ ತಿಂಗಳುಗಳ ಲೆಕ್ಕವನ್ನು ಅದು ಕೊಡುತ್ತದೆ. ಹೊಸ ಪುಟವನ್ನು ದಫ್ತರಕ್ಕೆ ಸೇರಿಸಿಕೊಳ್ಳಬೇಕೆಂಬ ಕೋರಿಕೆಯನ್ನೂ ಅಲ್ಲಿಂದಲೇ ಕಳುಹಿಸಬಹುದು. ಬಹಳ ಜನಕ್ಕೆ ಕಾಣಿಸಿದರೂ ಯಾರೂ ಒಳಗೆ ಬಾರದಿದ್ದಲ್ಲಿ ಶಿರೋನಾಮೆಯನ್ನು ತಿದ್ದಬೇಕು. ಒಳಗೆ ಬಂದವರು ಕೊಳ್ಳದೆ ಹೋದಲ್ಲಿ ಬೆಲೆ, ತೂಕ, ಸಾಗಾಣಿಕೆ ಇವುಗಳ ವಿವರಣೆಯಲ್ಲಿ ಕೊರತೆಯಿದೆಯೇ ಎಂದು ನೋಡಬೇಕು. ತಿದ್ದಿದ ಫಲ ಕೆಲವು ವೇಳೆ ದಿನಗಳಲ್ಲಿಯೂ ಕೆಲವು ವೇಳೆ ತಿಂಗಳುಗಳಲ್ಲಿಯೂ ಕಾಣುವುದರಿಂದ ನೆಟ್ಟ ಮರುದಿನವೇ ಕಬ್ಬನ್ನು ಕಿತ್ತು ಬೇರು ನೋಡುವಂಥ ಆತುರ ಸಲ್ಲದು.

೬. ಎಚ್ಚರಿಕೆಗಳು

ತಾಣವನ್ನು ಗೂಗಲಿನಲ್ಲಿ ಮೊದಲನೆಯ ಸ್ಥಾನಕ್ಕೆ ಏರಿಸಿಕೊಡುವೆವೆಂದು ಹಣ ಕೇಳಿಕೊಂಡು ಬರುವವರುಂಟು. ಮೊದಲನೆಯ ಸ್ಥಾನವನ್ನು ಖಾತರಿಯಾಗಿ ಕೊಡಿಸಲು ಯಾರಿಂದಲೂ ಆಗದೆಂದು ಗೂಗಲ್ ತಾನೇ ತಿಳಿಸಿದೆ. ಅಂಥವರಿಗೆ ಕೊಟ್ಟ ಹಣ ಹೊಳೆಯಲ್ಲಿ ತೊಳೆದ ಹುಣಿಸೆಹಣ್ಣು.

ಇನ್ನೊಂದು ಅಪಾಯ ಇದಕ್ಕಿಂತಲೂ ದೊಡ್ಡದು. ಅನೇಕರು ತಾಣವನ್ನು ಕಟ್ಟುವ ಕೆಲಸವನ್ನು ಪಟ್ಟಣದಲ್ಲಿ ಓದುವ ಹುಡುಗನಿಗೋ ಪರಿಚಯಸ್ಥರಿಗೋ ವಹಿಸುತ್ತಾರೆ. ಆತನು ತನ್ನ ಸ್ವಂತ ಜೀಮೇಲ್ ವಿಳಾಸದಲ್ಲಿ ಅದನ್ನು ಕಟ್ಟಿ, ಮುಂದೆ ಕೆಲಸಕ್ಕಾಗಿ ಪರಊರಿಗೆ ಹೊರಟುಹೋಗುತ್ತಾನೆ. ಎರಡು ವರ್ಷ ಕಳೆದು ದೂರವಾಣಿಯ ಸಂಖ್ಯೆ ಬದಲಾದಾಗ, ಒಂದು ಅಂಕಿಯನ್ನು ತಿದ್ದುವ ಅಧಿಕಾರವೂ ಯಜಮಾನನಿಗೆ ಇರುವುದಿಲ್ಲ. ಹಳೆಯ ಗಿರಾಕಿಗಳು ಸತ್ತ ಸಂಖ್ಯೆಗೆ ಕರೆಮಾಡಿ ಬೇರೆಡೆಗೆ ಹೋಗುತ್ತಾರೆ. ಜಮೀನಿನ ಪಹಣಿ ಪರರ ಹೆಸರಿನಲ್ಲಿದ್ದರೆ ಉಳುವವನಿಗೆ ನಿದ್ರೆ ಬಾರದು. ತಾಣದ ವಿಷಯದಲ್ಲಿಯೂ ಹಾಗೆಯೇ ಎಚ್ಚರವಾಗಿರಬೇಕು. ಬರೆಯುವವರು ಯಾರೇ ಆಗಲಿ, ಜೀಮೇಲ್ ವಿಳಾಸವು ಯಜಮಾನನದಾಗಿ, ಗುಪ್ತಪದ ಅವನ ಕೈಯಲ್ಲಿ, ಎರಡು ಹಂತದ ಭದ್ರತೆಯೊಡನೆ ಇರತಕ್ಕದ್ದು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಿಹಾಕಬಹುದಾದುದರಿಂದ ಆಗಾಗ್ಗೆ ಅದನ್ನು ತೆರೆಯುತ್ತಿರಬೇಕು.

ಬಿಟ್ಟಿಯಾಗಿ ಕೊಟ್ಟ ನೆರಳು ಶಾಶ್ವತವೂ ಅಲ್ಲ. ಬಿಸಿನೆಸ್ ಪ್ರೊಫೈಲಿನೊಡನೆ ಗೂಗಲ್ ಕೊಡುತ್ತಿದ್ದ ಉಚಿತ ಪುಟಗಳನ್ನು ೨೦೨೪ರ ಮಾರ್ಚಿಯಲ್ಲಿ ನಿಲ್ಲಿಸಲಾಯಿತು. ಆದಕಾರಣ ಬರೆದ ಮಾತುಗಳ ಮತ್ತು ಚಿತ್ರಗಳ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ವ್ಯಾಪಾರ ಕುದುರಿದ ಮೇಲೆ ವರ್ಷಕ್ಕಿಷ್ಟೆಂದು ಹಣ ತೆತ್ತು ಸ್ವಂತ ವಿಳಾಸವನ್ನು ಪಡೆಯುವುದು ವಿವೇಕ.

ಕಡೆಯದಾಗಿ, ಬರೆದುದೆಲ್ಲ ನಿಜವಾಗಿರಬೇಕು. ಪ್ರಮಾಣಪತ್ರವಿಲ್ಲದೆ ಸಾವಯವವೆಂದು ಬರೆಯಕೂಡದು. ಬೆಂಡೆಯ ಲೋಳೆಯಿಂದ ಮಡ್ಡಿ ತೆಗೆದು ಹೈಡ್ರೋಸ್ ಹಾಕದೆ ಮಾಡಿದ್ದಾದರೆ ಅಷ್ಟನ್ನೇ ಬರೆಯಲಿ. ಹುಡುಕುವವರಿಗೆ ಬೇಕಾದುದೂ ಅದೇ. ತಾಣವು ಗಿರಾಕಿಯನ್ನು ಒಂದು ಸಲ ಬಾಗಿಲಿಗೆ ತರಬಲ್ಲುದು, ಎರಡನೆಯ ಸಲ ಅವನನ್ನು ಕರೆತರತಕ್ಕದ್ದು ಬೆಲ್ಲವೇ.

ಗಾಣ ನಿಂತು ಬಿಡುವು ದೊರೆಯುವ ಕಾಲದಲ್ಲಿ ಈ ಕೆಲಸಕ್ಕೆ ಕೈಹಚ್ಚಿ, ಮುಂದಿನ ಹಂಗಾಮಿನ ಮೊದಲ ಕೊಪ್ಪರಿಗೆ ಇಳಿಯುವ ವೇಳೆಗೆ ತಾಣವನ್ನು ಸಿದ್ಧವಾಗಿಟ್ಟುಕೊಂಡರೆ, ಬೆಲ್ಲ ಕಾಯಿಸುವವರು ಮಂಡಿಯ ಒಂದೇ ಬಾಗಿಲನ್ನು ಕಾಯುವುದು ತಪ್ಪಿ, ತಮ್ಮ ಸರಕಿಗೆ ತಾವೇ ಬೆಲೆ ಹೇಳುವ ಒಂದು ಮಾರ್ಗವು ತೆರೆದಂತಾಗುವುದು.